ಜೋಳದ ಸೇರು, ಬಟ್ಟೆಯ ಗಜ

ನಮ್ಮ ಚಡಚಣದ ಪೇಟೆ ಬಟ್ಟೆಯ ವ್ಯಾಪಾರಕ್ಕೆ ಹೆಸರಾದುದು. ಮದುವೆಯ ಜವಳಿ ಕೊಳ್ಳಲು ಗಡಿಯಾಚೆಯ ಮಹಾರಾಷ್ಟ್ರದ ಊರುಗಳಿಂದಲೂ ಜನರು ಇಲ್ಲಿಗೆ ಬರುವುದುಂಟು. ಸುತ್ತಲಿನದು ಜೋಳದ ಸೀಮೆಯಾದುದರಿಂದ ಕಾಳಿನ ವ್ಯಾಪಾರಕ್ಕೂ ಇಲ್ಲಿ ಕೊರತೆಯಿಲ್ಲ. ಹಿಂದಿನ ಕಾಲದಲ್ಲಿ ಜೋಳಕ್ಕೆ ಸೇರು, ಬಟ್ಟೆಗೆ ಗಜ. ಈಗ ಸೇರು ಹೋಗಿ ಕಿಲೋ ಬಂದಿದೆ. ಗಜ ಹೋಗಿ ಮೀಟರು ಬಂದಿದೆ. ಅಳತೆಯ ಹೆಸರು ಬದಲಾದರೂ ಅಳೆಯುವ ವಿವೇಕ ಬದಲಾಗಿಲ್ಲ. ಸೀರೆಯನ್ನು ತಕ್ಕಡಿಗೆ ಹಾಕಿಸಿ, ‘ಇದು ಜೋಳದಷ್ಟು ತೂಗುವುದಿಲ್ಲವಲ್ಲ!’ ಎಂದು ಅಂಗಡಿಯವನೊಡನೆ ಜಗಳಕ್ಕೆ ನಿಂತ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಆದರೆ ಕಲೆಯ ಪೇಟೆಯಲ್ಲಿ ಇಂಥ ಗಿರಾಕಿಗಳು ದಿನವೂ ದೊರೆಯುತ್ತಾರೆ. ಅವರಲ್ಲಿ ಅನೇಕರು ವಿದ್ಯಾವಂತರೆಂಬುದೇ ಸೋಜಿಗ.

ಈ ವಾರ ಆಟಗಳ ಮಾತನ್ನು ಎತ್ತಿಕೊಂಡಿದ್ದೇನೆ. ನಮ್ಮ ಕಡೆ ಆಟವೆಂದೊಡನೆ ಹಿರಿಯರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ. ಮಕ್ಕಳಿಗೆ ಹಾಗಲ್ಲ. ಅವರ ಆಟದ ರಂಗಸ್ಥಳ ಅಂಗೈಯಗಲದ ಮೊಬೈಲ್ ಫೋನು. ‘ಕನ್ನಡ ಎಂ.ಎ. ಮಾಡಿದ ಮೇಷ್ಟರಿಗೆ ವಿಡಿಯೊ ಗೇಮಿನ ಉಸಾಬರಿ ಏಕೆ?’ ಎಂದು ವಾಚಕರು ಕೇಳಬಹುದು. ಕಾರಣ ಇಷ್ಟೆ: ಹೊಸ ಕೃತಿಯನ್ನು ಜನ ಹೇಗೆ ಬರಮಾಡಿಕೊಳ್ಳುತ್ತಾರೆ, ಹೆಸರಾದ ಹಳೆಯ ಕೃತಿಯ ಮುಂದುವರಿಕೆಯನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬ ಸಾಹಿತ್ಯದ ಹಳೆಯ ಪ್ರಶ್ನೆ ಇಂದು ಅತ್ಯಂತ ಸ್ಪಷ್ಟವಾಗಿ ಕಾಣುತ್ತಿರುವುದು ಈ ಆಟಗಳಲ್ಲಿಯೇ. ಆಡಿ ಆಡಿ ಕಣ್ಣು ಕೆಡಿಸಿಕೊಳ್ಳುವ ಮಕ್ಕಳ ದೂರನ್ನು ಬೇರೊಂದು ವಾರ ವಿಚಾರಿಸೋಣ.

ಪ್ರಶ್ನೆ ಹಳೆಯದೆಂದೆ. ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಅದು ಬರುತ್ತದೆ. ಭಾಸ, ಸೌಮಿಲ್ಲ, ಕವಿಪುತ್ರರಂಥ ಹೆಸರಾಂತರ ನಾಟಕಗಳಿರುವಾಗ ಈ ಹೊಸ ಕವಿಯ ನಾಟಕಕ್ಕೆ ಇಷ್ಟು ಮರ್ಯಾದೆ ಏತಕ್ಕೆಂದು ಪಾರಿಪಾರ್ಶ್ವಕನು ಕೇಳುತ್ತಾನೆ. ಹಳತು ಹೊಸತೆಂಬುದನ್ನು ಬಿಟ್ಟು ಪರೀಕ್ಷಿಸಿ ನೋಡಬೇಕೆಂಬುದು ಸೂತ್ರಧಾರನ ಉತ್ತರದ ತಾತ್ಪರ್ಯ. ವಿನೋದವೆಂದರೆ, ಆ ಸೌಮಿಲ್ಲನ ನಾಟಕಗಳು ಇಂದು ನಮಗೆ ದೊರೆತಿಲ್ಲ. ಅವನೊಬ್ಬ ಹೆಸರಾದ ಕವಿಯಾಗಿದ್ದನೆಂದು ನಮಗೆ ತಿಳಿಯುವುದೇ ಅಂದಿನ ಆ ಹೊಸ ಕವಿಯ ದಯೆಯಿಂದ!

ಈಗ ನಮ್ಮ ಕರ್ನಾಟಕದ್ದೇ ಒಂದು ನಿದರ್ಶನವನ್ನು ನೋಡೋಣ. 2020ನೆಯ ಸೆಪ್ಟೆಂಬರ್ 2ರಂದು ಭಾರತ ಸರಕಾರವು 118 ಮೊಬೈಲ್ ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಎಂಬ ಆಟವೂ ಇದ್ದಿತು. ದೊಡ್ಡದೊಂದು ಬಯಲಿನಲ್ಲಿ ನೂರು ಮಂದಿ ಆಟಗಾರರು ಇಳಿದು, ಸಿಕ್ಕ ಬಂದೂಕುಗಳನ್ನು ಹಿಡಿದು, ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುವವರೆಗೆ ಕಾದಾಡುವ ಆಟವದು. ನಿಷೇಧವಾದ ಎರಡನೆಯ ದಿನವೇ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌ-ಜಿ’ ಎಂಬ ಸ್ವದೇಶಿ ಆಟದ ಘೋಷಣೆಯಾಯಿತು. ಘೋಷಿಸಿದವರು ಹಿಂದಿಯ ಪ್ರಸಿದ್ಧ ನಟ ಅಕ್ಷಯ್ ಕುಮಾರ್. ನಿವ್ವಳ ಆದಾಯದ ಶೇಕಡಾ 20 ಭಾಗವನ್ನು ಹುತಾತ್ಮ ಯೋಧರ ಕುಟುಂಬಗಳಿಗಾಗಿ ಇರುವ ‘ಭಾರತ್ ಕೆ ವೀರ್’ ನಿಧಿಗೆ ಸಲ್ಲಿಸುವುದಾಗಿಯೂ ಸಾರಿದರು. ದೇಶವೆಲ್ಲ ಕಾದು ಕುಳಿತಿತು. 2021ನೆಯ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ಆಟ ಹೊರಬಂದಿತು.

ಮೊದಲ ದಿನಗಳಲ್ಲಿ ಆಟಗಾರರು ಕೊಟ್ಟ ಅಂಕಗಳ ಸರಾಸರಿ ಐದಕ್ಕೆ ನಾಲ್ಕನ್ನು ದಾಟಿದ್ದಿತು. ಕೆಲವೇ ದಿನಗಳಲ್ಲಿ ಅದು ಮೂರರ ಆಸುಪಾಸಿಗೆ ಕುಸಿಯಿತು. ಏಕೆ? ಇದನ್ನು ನಾನು ಒಮ್ಮೆ ತರಗತಿ ಮುಗಿದ ಮೇಲೆ ಹುಡುಗರನ್ನೇ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಹೇಳಿದ:

“ಸರ, ಅದು ಪಬ್‌ಜಿ ಇದ್ದಂಗ ಇರಲಿಲ್ರಿ. ಮೂರ ದಿವಸ ಆಡಿದೆ, ತಗದು ಬಿಟ್ಟೆ.”

“ಏನು ಕಡಿಮೆಯಾಗಿತ್ತಪ್ಪಾ?”

“ಬಂದೂಕನ ಇದ್ದಿಲ್ರಿ ಸರ! ಬರೇ ಕೈಲೆ ಗುದ್ದಾಡೂದು, ಬಡಿಗಿ ತಗೊಂಡು ಬಡದಾಡೂದು.”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತಿನಲ್ಲಿ ವಿಚಾರಮಾಡಬೇಕಾದ ಸಂಗತಿಯೊಂದಿದೆ. ಆ ಆಟದ ವಸ್ತು ಯಾವುದು? 2020ನೆಯ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಡೆದ ಘರ್ಷಣೆ. ನಮ್ಮ 20 ಮಂದಿ ಯೋಧರು ಅಲ್ಲಿ ಪ್ರಾಣವನ್ನರ್ಪಿಸಿದರು. ಆ ರಾತ್ರಿ ಗುಂಡು ಹಾರಲಿಲ್ಲ. ಗಡಿಯ ಆ ಭಾಗದಲ್ಲಿ ಬಂದೂಕು ಬಳಸಬಾರದೆಂಬ ಒಪ್ಪಂದವಿದ್ದುದರಿಂದ ಕೈ ಕೈ ಮಿಲಾಯಿಸಿ, ಬಡಿಗೆ ಕಲ್ಲುಗಳಿಂದಲೇ ಕಾದಾಟ ನಡೆದಿತ್ತು. ಹಾಗಾದರೆ ಫೌ-ಜಿಯಲ್ಲಿ ಬಂದೂಕಿಲ್ಲದುದು ಆರಿಸಿಕೊಂಡ ವಸ್ತುವಿಗೆ ಸಲ್ಲಿಸಿದ ನಿಷ್ಠೆಯೇ ಆಯಿತಲ್ಲವೆ? ಔಚಿತ್ಯವೆಂದು ನಮ್ಮ ಆಲಂಕಾರಿಕರು ಕರೆದುದು ಇದನ್ನೇ. ಆ ಔಚಿತ್ಯವೇ ಆಟಗಾರನ ಕಣ್ಣಿಗೆ ಕೊರತೆಯಾಗಿ ಕಂಡಿತು. ಅವನ ಕೈಯಲ್ಲಿದ್ದುದು ಪಬ್‌ಜಿಯ ಅಳತೆಗೋಲು. ಸೀರೆ ತಕ್ಕಡಿಗೆ ಬಿದ್ದಿತು.

ಹಾಗೆಂದು ತಪ್ಪನ್ನೆಲ್ಲ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಆಟದಲ್ಲಿ ಬೇರೆ ದೋಷಗಳೂ ಇದ್ದವು. ಶತ್ರುಗಳು ಒಬ್ಬರಾದ ಮೇಲೊಬ್ಬರು ಒಂದೇ ಬಗೆಯಲ್ಲಿ ಬರುತ್ತಿದ್ದರು. ಅದೇ ಪೆಟ್ಟನ್ನು ಮತ್ತೆ ಮತ್ತೆ ಕೊಡಬೇಕಾಗುತ್ತಿತ್ತು. ಗೆಳೆಯರೊಡನೆ ಕೂಡಿ ಆಡುವ ಅವಕಾಶ ಆರಂಭದಲ್ಲಿ ಇರಲಿಲ್ಲ. ಇವು ಆಟವನ್ನು ಅದರದೇ ಗಜದಿಂದ ಅಳೆದರೂ ಕಾಣುವ ದೋಷಗಳು. ಇದಕ್ಕಿಂತ ದೊಡ್ಡ ಮಾತೊಂದಿದೆ. ಪಬ್‌ಜಿ ಹೋದ ಮರುಗಳಿಗೆಯಲ್ಲಿ, ಅದೇ ಬಗೆಯ ಪ್ರಾಸದ ಹೆಸರನ್ನಿಟ್ಟುಕೊಂಡು, ತೆರವಾದ ಪೀಠದ ಪಕ್ಕದಲ್ಲಿಯೇ ಬಂದು ನಿಂತವನನ್ನು ಜನ ಹಿಂದಿನವನೊಡನೆ ಹೋಲಿಸದೆ ಇರುತ್ತಾರೆಯೆ? ಇನ್ನೊಬ್ಬರ ಗೈರುಹಾಜರಿಯನ್ನು ಬಂಡವಾಳ ಮಾಡಿಕೊಂಡು ವ್ಯಾಪಾರಕ್ಕಿಳಿದರೆ ಆ ಇನ್ನೊಬ್ಬರ ಅಳತೆಯನ್ನೂ ಒಪ್ಪಿಕೊಂಡಂತೆಯೇ. ಹೊಸ ಆಟದ ಮೇಲಣ ಅನ್ಯಾಯದಲ್ಲಿ ಅದನ್ನು ಸಾರಿದವರ ಪಾಲೂ ಇದ್ದಿತು.

ಮುಂದೆ ನಡೆದುದನ್ನು ನೋಡಿ. 2021ನೆಯ ಜುಲೈ 2ರಂದು ಪಬ್‌ಜಿಯೇ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರನ್ನು ಧರಿಸಿ ಮರಳಿ ಬಂದಿತು. ತಂದವರು ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯವರು. ಹಳೆಯ ಖಾತೆಯಲ್ಲಿ ಗಳಿಸಿದ್ದ ವೇಷಭೂಷಣ, ಪದವಿಗಳನ್ನು ಹೊಸದಕ್ಕೆ ಸಾಗಿಸಿಕೊಳ್ಳಲು ಅವಕಾಶ ಕೊಟ್ಟರು. ಆಟಗಾರರು ಹಬ್ಬವನ್ನಾಚರಿಸಿದರು. ಇದರಿಂದ ಒಂದು ರಹಸ್ಯ ತಿಳಿಯುತ್ತದೆ. ಜನ ಹಳೆಯದನ್ನು ಹಿಡಿದುಕೊಳ್ಳುವುದು ಬರಿಯ ಹೆಸರಿನ ಮೋಹದಿಂದಲ್ಲ. ಕಾಲ್ಚೆಂಡಿನ ಪ್ರಸಿದ್ಧ ಆಟವೊಂದು 1993ರಿಂದ ‘ಫಿಫಾ’ ಎಂಬ ಹೆಸರಿನಿಂದ ಬರುತ್ತಿತ್ತು. 2023ರಲ್ಲಿ ಒಪ್ಪಂದ ಮುಗಿದು ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂದಾಯಿತು. ಹೆಸರು ಹೋದರೂ ಆಟಗಾರರು ಹೋಗಲಿಲ್ಲ. ಬೆರಳಿಗೆ ಬಂದ ಅಭ್ಯಾಸ, ವರ್ಷಗಟ್ಟಲೆ ಕೂಡಿಟ್ಟ ಗಳಿಕೆ, ಜೊತೆಗೆ ಆಡುವ ಗೆಳೆಯರು — ಇವು ಹಳೆಯ ಆಟದ ನಿಜವಾದ ಬೇರುಗಳು. ನಾಲ್ವರು ಗೆಳೆಯರಲ್ಲಿ ಮೂವರು ಒಂದು ಆಟದಲ್ಲಿದ್ದರೆ ನಾಲ್ಕನೆಯವನು ಒಬ್ಬನೇ ಹೊಸ ಆಟಕ್ಕೆ ಹೋಗಿ ಮಾಡುವುದೇನು?

ಇದರ ಮೇಲೆ ಹಣದ ಮಾತು ಬೇರೆ. ಫೋನಿನ ಆಟಗಳು ಬಹುಮಟ್ಟಿಗೆ ಪುಕ್ಕಟೆ. ಆದರೆ ದೊಡ್ಡ ಯಂತ್ರಗಳಲ್ಲಿ ಆಡುವ ಹೊಸ ಆಟವೊಂದರ ಬೆಲೆ ಇಂದು ಐದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿದೆ. ಅಷ್ಟು ಹಣ ತೆರುವ ಗೃಹಸ್ಥನು ಗೊತ್ತಿದ್ದ ಹೆಸರನ್ನೇ ಕೇಳಿದರೆ ಅವನನ್ನು ಅರಸಿಕನೆನ್ನಲಾಗದು. ನಮ್ಮ ವಾಚನಾಲಯಗಳಲ್ಲಿಯೂ ಹೀಗೆಯೇ ಇದ್ದಿತಲ್ಲ! ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸವೊಂದನ್ನು ಓದಿ ಮುಗಿಸಿದವನು ಮರುದಿನ ಬಂದು ಕೇಳುತ್ತಿದ್ದುದು ಇನ್ನೊಬ್ಬ ಪುರುಷೋತ್ತಮನನ್ನೇ. ಗುರುತಿನ ಮುಖವನ್ನು ಕಂಡಾಗ ಆಗುವ ಸಂತೋಷವೂ ಒಂದು ಸಂತೋಷವೇ.

ಆಟಗಾರರ ರೀತಿ ಹೀಗಾದರೆ ವಿಮರ್ಶಕರ ರೀತಿ ಬೇರೆ. ‘ದಿ ಗೇಮ್ ಅವಾರ್ಡ್ಸ್’ ಎಂಬ ವಾರ್ಷಿಕ ಪ್ರಶಸ್ತಿ 2014ರಿಂದ ನಡೆದುಬಂದಿದೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಮತ ಪತ್ರಿಕೆಗಳ ವಿಮರ್ಶಕರದು, ಹತ್ತು ಪಾಲು ಆಟಗಾರರದು. 2019ರಿಂದ 2025ರವರೆಗಿನ ಏಳು ವರ್ಷಗಳ ಶ್ರೇಷ್ಠ ಆಟಗಳನ್ನು ಎಣಿಸಿ ನೋಡಿದೆ. ಸೆಕಿರೊ, ಇಟ್ ಟೇಕ್ಸ್ ಟು, ಎಲ್ಡನ್ ರಿಂಗ್, ಕ್ಲೇರ್ ಆಬ್ಸ್ಕ್ಯೂರ್ ಎಂಬ ನಾಲ್ಕು ಹೊಸ ಹೆಸರಿನವು. ಉಳಿದ ಮೂರು ಹಳೆಯ ಹೆಸರುಗಳ ಮುಂದುವರಿಕೆ. 2025ರ ವಿಜೇತ ಆಟವಂತೂ ಫ್ರಾನ್ಸ್ ದೇಶದ ಒಂದು ಸಂಸ್ಥೆಯ ಚೊಚ್ಚಲ ಕೃತಿ. ಇನ್ನು ಮಾರಾಟದ ಲೆಕ್ಕ ನೋಡಿದರೆ ಅಮೆರಿಕದಲ್ಲಿ 2009ರಿಂದೀಚೆಗೆ ಬಹುತೇಕ ವರ್ಷಗಳ ಮೊದಲ ಸ್ಥಾನ ‘ಕಾಲ್ ಆಫ್ ಡ್ಯೂಟಿ’ ಎಂಬ ಒಂದೇ ಸರಣಿಗೆ ಮೀಸಲಾದಂತಿದೆ. ಮನ್ನಣೆ ಒಂದು ಕಡೆ, ಮಾರಾಟ ಇನ್ನೊಂದು ಕಡೆ.

ಈ ಅಂತರಕ್ಕೆ ಕಾರಣ ರುಚಿಯ ಮೇಲು ಕೀಳಲ್ಲ. ವಿಮರ್ಶಕನು ವರ್ಷಕ್ಕೆ ಹತ್ತಾರು ಆಟಗಳನ್ನು ಆಡಿ ಬರೆಯಬೇಕಾದವನು. ದಿನವೂ ಮದುವೆಯ ಊಟ ಮಾಡುವವನಿಗೆ ಹೋಳಿಗೆ ಸಪ್ಪೆಯಾದಂತೆ, ಕಂಡದ್ದನ್ನೇ ಕಂಡು ಅವನಿಗೆ ಬೇಸರ ಬಂದಿರುತ್ತದೆ. ಸ್ವಲ್ಪ ಹೊಸತು ಕಂಡರೂ ಹಿಗ್ಗುತ್ತಾನೆ. ಸಾಮಾನ್ಯ ಆಟಗಾರನಾದರೋ ವರ್ಷಕ್ಕೆ ಒಂದೋ ಎರಡೋ ಆಟ ಆಡುವವನು. ಅವನ ಪಾಲಿಗೆ ಹೋಳಿಗೆ ಇನ್ನೂ ಹೋಳಿಗೆಯೇ. ಒಬ್ಬನು ಹೊಸದಕ್ಕೆ ಹೊಸದೆಂಬ ಕಾರಣಕ್ಕೇ ಹೆಚ್ಚು ಅಂಕ ಕೊಟ್ಟಾನು. ಇನ್ನೊಬ್ಬನು ಅದೇ ಕಾರಣಕ್ಕೆ ಕಡಿಮೆ ಕೊಟ್ಟಾನು. ಇಬ್ಬರೂ ಕೃತಿಯನ್ನು ಬಿಟ್ಟು ಅದರ ವಯಸ್ಸನ್ನು ನೋಡಿದಂತಾಯಿತು.

ಹೊಸದೆನ್ನಿಸಿಕೊಂಡುದೆಲ್ಲ ಹೊಸದೇ ಎಂಬುದಾದರೂ ಏನು ಖಾತ್ರಿ? 2024ನೆಯ ಆಗಸ್ಟ್‌ನಲ್ಲಿ ಸೋನಿ ಸಂಸ್ಥೆಯು ‘ಕಾಂಕಾರ್ಡ್’ ಎಂಬ ಹೊಸ ಹೆಸರಿನ ಆಟವನ್ನು 40 ಡಾಲರ್ ಬೆಲೆಗೆ ಹೊರತಂದಿತು. ಎರಡು ವಾರಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು ಕೊಂಡವರಿಗೆ ಹಣ ಮರಳಿಸಬೇಕಾಯಿತು. ಅದರ ಮೈಕಟ್ಟೆಲ್ಲ ಆಗಲೇ ಪುಕ್ಕಟೆಯಾಗಿ ಸಿಗುತ್ತಿದ್ದ ಬೇರೆ ಆಟಗಳದು. ಹೊಸದು ಹೆಸರು ಮಾತ್ರ. ಇದಕ್ಕೆ ಪ್ರತಿಯಾಗಿ ‘ಜೆಲ್ಡಾ’ 1986ರಿಂದ ಬಂದ ಹಳೆಯ ಹೆಸರು, ‘ಗಾಡ್ ಆಫ್ ವಾರ್’ 2005ರದು. 2017ರಲ್ಲಿ ಒಂದು, 2018ರಲ್ಲಿ ಇನ್ನೊಂದು ತಮ್ಮ ಹಳೆಯ ಚೌಕಟ್ಟನ್ನೇ ಬಿಚ್ಚಿ ಮರಳಿ ಕಟ್ಟಿಕೊಂಡು ಬಂದವು. ಆಟಗಾರರೂ ವಿಮರ್ಶಕರೂ ಏಕಕಂಠದಿಂದ ಹೊಗಳಿದರು. ಹಳೆಯ ಹೆಸರಿನಲ್ಲಿ ಸ್ವಂತಿಕೆಯೂ ಹೊಸ ಹೆಸರಿನಲ್ಲಿ ಅನುಕರಣೆಯೂ ಇರಬಹುದೆಂಬುದಕ್ಕೆ ಇವು ಸಾಕ್ಷಿ.

ಈ ಸತ್ಯವನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ನಮ್ಮೂರಿಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನರು, ಚಡಚಣದವರೇ ಆದ ಸಿಂಪಿ ಲಿಂಗಣ್ಣನವರು ಮುಂತಾದ ಗೆಳೆಯರ ಗುಂಪೊಂದಿದ್ದಿತು. ಈ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಹೊರಬಂದಿತು. ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳವು. ತ್ರಿಪದಿಯ ಮಟ್ಟು ಶತಮಾನಗಳಷ್ಟು ಹಳೆಯದು; ಅದನ್ನು ಯಾವ ತಾಯಿಯೂ ಹೊಸದಾಗಿ ಹುಟ್ಟಿಸಲಿಲ್ಲ. ಆದರೆ ತವರಿನ ನೆನಪು, ಕಂದನ ನಗೆ, ಅಣ್ಣನ ಹಾದಿ — ಅವಳು ಅದರಲ್ಲಿ ತುಂಬಿದ ಜೀವ ಅವಳದೇ. ಆ ಹಾಡನ್ನು ಕಾವ್ಯಶಾಸ್ತ್ರದ ಹಳೆಯ ಅಳತೆಗೋಲಿನಿಂದಲೇ ಅಳೆದಿದ್ದರೆ ‘ಇದರಲ್ಲಿ ಅಷ್ಟಾದಶ ವರ್ಣನೆಗಳೆಲ್ಲಿ?’ ಎಂದು ಕೇಳಿ ಬದಿಗಿಡಬೇಕಾಗುತ್ತಿತ್ತು. ಆ ಗೆಳೆಯರು ಹಾಡನ್ನು ಹಾಡಾಗಿ ಕೇಳಿದರು. ಕನ್ನಡಕ್ಕೆ ಒಂದು ಸಂಪತ್ತು ದೊರೆಯಿತು.

ಕನ್ನಡ ಪ್ರೇಕ್ಷಕರಿಗೆ ಈ ವಿವೇಕವಿಲ್ಲದಿಲ್ಲ. 2022ರಲ್ಲಿ ಬೆಂಗಳೂರಿನ ಒಂದೇ ಸಂಸ್ಥೆ, ಹೊಂಬಾಳೆ ಫಿಲ್ಮ್ಸ್, ಎರಡು ಚಿತ್ರಗಳನ್ನು ತೆರೆಗೆ ತಂದಿತು. ಏಪ್ರಿಲ್‌ನಲ್ಲಿ ಬಂದ ‘ಕೆಜಿಎಫ್’ ಎರಡನೆಯ ಅಧ್ಯಾಯ 2018ರ ಯಶಸ್ಸಿನ ಮುಂದುವರಿಕೆ. ಹಲವು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆಯಾಯಿತು. ಸೆಪ್ಟೆಂಬರ್ ಕೊನೆಗೆ ಬಂದ ‘ಕಾಂತಾರ’ಕ್ಕೆ ಹಿಂದಿನ ಹೆಸರಿನ ಆಸರೆ ಇರಲಿಲ್ಲ; ಮೊದಲು ಕನ್ನಡದಲ್ಲಷ್ಟೆ ತೆರೆಕಂಡು, ನೋಡಿದವರ ಬಾಯಿಮಾತಿನಿಂದ ಬೆಳೆದು, ಎರಡು ವಾರಗಳ ಮೇಲೆ ಬೇರೆ ಭಾಷೆಗಳಿಗೆ ಹೋಯಿತು. ಆ ವರ್ಷದ ಚಿತ್ರಗಳಿಗೆ 2024ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿಗಳಲ್ಲಿ ಎರಡಕ್ಕೂ ಪಾಲು ದೊರೆಯಿತು: ‘ಕೆಜಿಎಫ್’ಗೆ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ, ‘ಕಾಂತಾರ’ಕ್ಕೆ ಜನಪ್ರಿಯ ಚಿತ್ರ ಪ್ರಶಸ್ತಿ, ಅದರ ನಾಯಕ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ಪ್ರಶಸ್ತಿ. ‘ಭೂತದ ಕೋಲದಲ್ಲಿ ಚಿನ್ನದ ಗಣಿಯೆಲ್ಲಿ?’ ಎಂದು ಕೇಳಿದವರನ್ನು ನಾನು ಕಾಣೆ. ಪ್ರತಿಯೊಂದನ್ನೂ ಜನ ಅದರದರ ಗಜದಿಂದಲೇ ಅಳೆದರು. ಮೂರು ಗಂಟೆಯ ಚಿತ್ರಕ್ಕೆ ಒಂದು ಸಂಜೆ ಕೊಟ್ಟರೆ ಸಾಕೆಂಬುದೂ ಇದಕ್ಕೆ ಸಹಾಯಕವಾಯಿತೆನ್ನಿ. 2025ರಲ್ಲಿ ‘ಕಾಂತಾರ’ದ ಮತ್ತೊಂದು ಅಧ್ಯಾಯ ಬಂದಿತು. ಮೂರು ವರ್ಷಗಳ ಹಿಂದಿನ ಹೊಸಬ ಈಗ ಹೆಸರಾದ ಹಳಬ.

ಎಲ್ಲ ಹಳಬರ ಕಥೆಯೂ ಇದೇ. ನಮ್ಮ ಹುಡುಗರು ಪ್ರಮಾಣವೆಂದು ಹಿಡಿದಿರುವ ಪಬ್‌ಜಿಯೂ 2017ರಲ್ಲಿ ಹೊಸ ಹೆಸರಾಗಿಯೇ ಬಂದದ್ದು. ಅದರ ಕಲ್ಪನೆಯ ಮೂಲ ಒಂದು ಜಪಾನೀ ಚಲನಚಿತ್ರದಲ್ಲಿದೆ. ಆ ವರ್ಷ ಆಟಗಾರರು ‘ಇದು ನಮ್ಮ ಹಳೆಯ ಆಟದಂತಿಲ್ಲ’ ಎಂದು ಮೂರು ದಿನಕ್ಕೆ ತೆಗೆದುಹಾಕಿದ್ದರೆ ಇಂದು ಅಳತೆಗೋಲೇ ಇರುತ್ತಿರಲಿಲ್ಲ!

ಇಷ್ಟಕ್ಕೂ ಇದೆಲ್ಲ ಮಕ್ಕಳ ಆಟದ ಮಾತು, ಇದರಿಂದ ಕೆಡುವುದೇನು ಎನ್ನುವವರಿದ್ದಾರೆ. ಕೆಡುವುದುಂಟು. ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರಾಕ್ಟಿವ್ ಎಂಬ ಆಟಗಳ ಸಂಸ್ಥೆ ಹುಟ್ಟಿತು. ‘ಫೋರ್ಜಾ’ದಂಥ ಜಗತ್ಪ್ರಸಿದ್ಧ ಕಾರುಪಂದ್ಯದ ಸರಣಿಗೆ ಅಲ್ಲಿಯ ಕಲಾವಿದರು ಕೆಲಸ ಮಾಡಿಕೊಟ್ಟರು. ಮುಂದೆ ಅದನ್ನು ಸ್ವೀಡನ್ನಿನ ಸಂಸ್ಥೆಯೊಂದು ಕೊಂಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಬೆಂಗಳೂರಿನ ಶಾಖೆಯಲ್ಲಿ ಕೂಡಿಸಿಕೊಂಡಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಎಂಬ ಸರಣಿಯ ಒಡೆಯರು ಇವರೇ. ಆ ಸರಣಿಯ ಆರನೆಯ ಆಟದ ಮೊದಲ ತುಣುಕುಚಿತ್ರವನ್ನು 2023ನೆಯ ಡಿಸೆಂಬರ್‌ನಲ್ಲಿ ಒಂದೇ ದಿನದೊಳಗೆ ಒಂಬತ್ತು ಕೋಟಿಗೂ ಹೆಚ್ಚು ಬಾರಿ ಜನ ನೋಡಿದರು. ಹಳೆಯ ಹೆಸರಿನ ಬಲ ಅಷ್ಟು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥದೇ ಒಂದು ಕೆಲಸದಲ್ಲಿದ್ದಾನೆ. ಪರದೇಶದ ಆಟಗಳಲ್ಲಿ ಬರುವ ಬೀದಿಗಳ ಗೋಡೆ, ಕಿಟಕಿ, ಬಾಗಿಲುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಅವನ ಕಸುಬು. ಸಂಬಳ ಚೆನ್ನಾಗಿದೆ. ಜಾತ್ರೆಗೆ ಊರಿಗೆ ಬಂದವನು ಮನೆಗೆ ಬಂದಿದ್ದ. ಚಹಾ ಕುಡಿಯುತ್ತ ನಗುತ್ತಲೇ ಅಂದ: “ಸರ, ನಾವು ಗ್ವಾಡಿ ಕಟ್ಟಾವ್ರು ಅಷ್ಟರಿ. ಮನಿ ಬ್ಯಾರೇದವರದು.” ಭೀಮಾ ದಂಡೆಯ ಊರೊಂದರ ಕಥೆಯನ್ನು ಆಟ ಮಾಡಬೇಕೆಂಬ ಆಸೆ ಅವನಿಗಿದೆ, ಕೆಲವು ಚಿತ್ರಗಳನ್ನೂ ಬರೆದಿಟ್ಟಿದ್ದಾನೆ. “ಮಾಡಪ್ಪಾ” ಎಂದೆ. “ಮಾಡಬಹುದ್ರಿ. ಮಂದಿ ಮೊದಲ ಕೇಳೂದು ‘ಬಂದೂಕ ಅದ ಏನು’ ಅಂತನ ಅಲ್ರಿ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಅವನ ಅಂಜಿಕೆ ಬರಿಯ ಕಲ್ಪನೆಯಲ್ಲ. ಫೌ-ಜಿ ಎಂಬ ಹೆಸರು 2025ರಲ್ಲಿ ಮತ್ತೆ ಬಂದಿತು. ಈ ಸಲ ಎರಡು ತಂಡಗಳು ಬಂದೂಕು ಹಿಡಿದು ಕಾದಾಡುವ, ಎಲ್ಲರಿಗೂ ಪರಿಚಿತವಾದ ಅಚ್ಚಿನಲ್ಲಿ. ಆದರೆ ಭರವಸೆಯ ನಿದರ್ಶನವೂ ಒಂದಿದೆ. ಪುಣೆಯ ಚಿಕ್ಕ ಸಂಸ್ಥೆಯೊಂದು ‘ರಾಜಿ’ ಎಂಬ ಆಟವನ್ನು ಕಟ್ಟಿತು. ರಾಕ್ಷಸರು ಕದ್ದೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಟ ಒಬ್ಬ ಹುಡುಗಿಯ ಕಥೆ. ರಾಜಸ್ಥಾನದ ಕೋಟೆಗಳ ಚೆಲುವು, ನಡುನಡುವೆ ತೊಗಲುಗೊಂಬೆಯಾಟದ ರೀತಿಯ ನಿರೂಪಣೆ. 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟಲಾಗಲಿಲ್ಲ. ಆದರೂ ಬಿಡದೆ 2020ರಲ್ಲಿ ಹೊರತಂದರು. ವಿಮರ್ಶಕರು ಅದರ ಚಿತ್ರಕಲೆಯನ್ನು ಮೆಚ್ಚಿದರು. ಕಾದಾಟದ ಭಾಗ ಸಡಿಲವೆಂದೂ ಆಟ ಬೇಗ ಮುಗಿಯುತ್ತದೆಂದೂ ಹೇಳಿದರು. ಆ ವರ್ಷದ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಆಟಗಳ ಪಟ್ಟಿಗೂ ಅದು ಆಯ್ಕೆಯಾಯಿತು. ‘ರಾಜಿ’ ಯಾರ ಪೀಠವನ್ನೂ ತುಂಬುತ್ತೇನೆಂದು ಬರಲಿಲ್ಲ. ಅದಕ್ಕೆ ದೊರೆತ ಹೊಗಳಿಕೆಯೂ ತೆಗಳಿಕೆಯೂ ಅದರದೇ ಗುಣದೋಷಗಳವು. ಹೊಸ ಕೃತಿಯೊಂದು ಜನರಿಂದ ಕೇಳಬಹುದಾದ ಮರ್ಯಾದೆ ಇಷ್ಟೆ. ಸ್ವದೇಶಿಯೆಂದು ರಿಯಾಯಿತಿ ಬೇಡ. ಹೊಸಬನೆಂದು ದಂಡವೂ ಬೇಡ.

ಆದುದರಿಂದ ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಹೊಸ ಆಟವೊಂದಕ್ಕೆ ಒಂದೇ ನಕ್ಷತ್ರ ಒತ್ತಲು ಹೊರಟಾಗ, ‘ಈ ಆಟ ಏನು ಮಾಡಲು ಹೊರಟಿತ್ತು? ಅದನ್ನು ಮಾಡಿತೆ?’ ಎಂದು ಕೇಳಿ ನೋಡಿ. ಉತ್ತರ ಹೇಳಲಾರದಿದ್ದರೆ ಇನ್ನೊಂದು ಸಂಜೆ ಆಡಲಿ. ಆಡುವುದನ್ನು ಕಡಿಮೆ ಮಾಡಿಸಬೇಕೆಂದಿರುವ ನಿಮಗೆ ಈ ಸಲಹೆ ಹಿಡಿಸಲಾರದೆಂದು ಬಲ್ಲೆ. ಆದರೆ ಭೀಮಾ ದಂಡೆಯ ಕಥೆಯೊಂದು ಎಂದಾದರೂ ಆ ಪರದೆಯ ಮೇಲೆ ಕನ್ನಡದಲ್ಲಿ ಮಾತನಾಡಬೇಕಾದರೆ, ಅದನ್ನು ಕಟ್ಟುವ ಹುಡುಗನಿಗೆ ಆ ಒಂದು ಸಂಜೆ ಬೇಕು.